ವಜ್ರೇಶ್ವರಿಯ ಬಿಸಿನೀರು

ಊರಿನಿಂದ ಹಿರಿಯರು ಬಂದರೆ ಮುಂಬಯಿಯ ನಾವು ಒಂದು ಭಾನುವಾರ ವಜ್ರೇಶ್ವರಿಗೆ ಕರೆದೊಯ್ಯುವುದುಂಟು. ಹೋದ ಚಳಿಗಾಲ ಧಾರವಾಡದಿಂದ ಬಂದ ತಂದೆಯವರೊಡನೆ ನಾನೂ ಹೊರಟೆ. ವಸಯಿಯವರೆಗೆ ಲೋಕಲ್ ಗಾಡಿ, ಮುಂದೆ ಬಸ್ಸು. 1739ರಲ್ಲಿ ಪೋರ್ಚುಗೀಸರಿಂದ ವಸಯಿ ಕೋಟೆಯನ್ನು ಗೆದ್ದ ಚಿಮಾಜಿ ಅಪ್ಪಾ ಹರಕೆ ತೀರಿಸಲು ಕಟ್ಟಿಸಿದ ದೇವಿಯ ಗುಡಿ ಅಲ್ಲಿದೆ. ದರ್ಶನ ಮುಗಿಸಿ, ತಾನಸಾ ನದಿಯ ದಂಡೆಯಲ್ಲಿರುವ ಅಕಲೋಲಿಯ ಬಿಸಿನೀರಿನ ಕುಂಡಗಳಿಗೆ ಹೋದೆವು. ಗಂಧಕದ ವಾಸನೆ, ಒಂದು ಕುಂಡದ ಬಿಸಿ ಇನ್ನೊಂದಕ್ಕಿಲ್ಲ.

“ಅಪ್ಪಾ, ಸ್ವಲ್ಪ ಹೊತ್ತು ಸಾಕು” ಎಂದೆ.

“ಎಣ್ಣಿ-ನೀರು ಹಾಕ್ಕೊಂಡು ಬೆಳದಾಂವಗ ಇದೇನ್ ಬಿಸಿ ಬಿಡೋ!” ಎಂದು ಕುತ್ತಿಗೆಯವರೆಗೆ ಮುಳುಗಿ ಕುಳಿತರು.

ಅರ್ಧ ಗಂಟೆಯ ಮೇಲೆ ಥಟ್ಟನೆ ಎದ್ದವರೇ ಕಣ್ಣು ಕತ್ತಲೆಗಟ್ಟಿ ನನ್ನ ಹೆಗಲ ಮೇಲೆ ಕುಸಿದರು. ಹೆಗಲು ಸಿಗದಿದ್ದರೆ ತಲೆ ಕಲ್ಲಿನ ಮೆಟ್ಟಿಲಿಗೆ ಬಡಿಯುತ್ತಿತ್ತು. ನೆರಳಿನಲ್ಲಿ ಮಲಗಿಸಿ, ಕಾಲು ಎತ್ತರಕ್ಕಿಟ್ಟು, ಚೇತರಿಸಿಕೊಂಡ ಮೇಲೆ ನೀರು ಕುಡಿಸಿದೆ. ಬೆಳಿಗ್ಗೆ ಅವರು ರಕ್ತದೊತ್ತಡದ ಗುಳಿಗೆ ನುಂಗಿದ್ದು ಆಗ ನೆನಪಾಯಿತು. ತಪ್ಪು ನನ್ನದೇ.

ಬಿಸಿಗೆ ರಕ್ತನಾಳಗಳು ಹಿಗ್ಗಿ ಒತ್ತಡ ಇಳಿಯುತ್ತದೆ, ಗುಳಿಗೆಯೂ ಇಳಿಸುತ್ತದೆ. ಎರಡೂ ಕೂಡಿದರೆ ತಲೆ ಸುತ್ತುತ್ತದೆ. ರಕ್ತದೊತ್ತಡದವರು, ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇಳಿಯಬಾರದು. ಮಧುಮೇಹದಿಂದ ಪಾದ ಜೋಮುಗಟ್ಟಿದವರಿಗೆ ಸುಟ್ಟರೂ ತಿಳಿಯದು. ಬೇರೆಯವರು ನೀರು ಮುಟ್ಟಿ ನೋಡಲಿ. ಹತ್ತು ನಿಮಿಷ ಸಾಕು. ಮೆಲ್ಲಗೆ ಏಳಬೇಕು; ಒಂಟಿಯಾಗಿ ಇಳಿಯಬಾರದು. ಈಗ ಪೇಟೆಗಳಲ್ಲಿ ಬಂದಿರುವ ಇನ್‌ಫ್ರಾರೆಡ್ ಸೌನಾ ಎಂಬ ಮರದ ಗೂಡು ನೀರಿಲ್ಲದೆಯೇ ಮೈಗೆ ಶಾಖ ಕೊಡುತ್ತದೆ. ಅಲ್ಲಿಯೂ ಈ ಎಚ್ಚರ ಬೇಕು.

ಮುಂದಿನ ವರುಷವೂ ಹೋಗೋಣವೆನ್ನುತ್ತಾರೆ ತಂದೆಯವರು. ಹೋಗುತ್ತೇವೆ, ಆದರೆ ಗಡಿಯಾರ ನೋಡುವ ಕೆಲಸ ನನ್ನದು.