ಪಗಾರವೂ ಕಸೂತಿಯೂ



ಕಳೆದ ಬೇಸಿಗೆಯ ಸೂಟಿಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನ ಮನೆಗೆ ಬಂದಳು. ಸಂಪಗಾಂವದ ಕಡೆಯ ಒಕ್ಕಲುತನದ ಮನೆಯ ಮಗಳು. ಬೇರೊಂದು ಊರಿನ ಶಾಲೆಯಲ್ಲಿ ಹನ್ನೊಂದು ವರುಷಗಳಿಂದ ಶಿಕ್ಷಕಿ. ಅವಳು ಚೀಲದಿಂದ ಕರಿಯ ಇಳಕಲ್ಲ ಸೀರೆಯೊಂದನ್ನು ತೆಗೆದು ನನ್ನೆದುರು ಹರಡಿದಳು. ಸೆರಗಿನ ತುಂಬ ಗೋಪುರ, ತೇರು, ಆನೆ, ತುಳಸಿಕಟ್ಟೆ. ನೌಕರಿಯನ್ನು ಬಿಟ್ಟು ಕಸೂತಿಯಿಂದಲೇ ಬಾಳಬೇಕೆಂಬ ಆಶೆ ಅವಳದು. “ಅಕ್ಕೋರ, ಬಿಡಲ್ಯೋ ಬ್ಯಾಡೋ, ನೀವ ಹೇಳ್ರಿ” ಎಂದಳು.

“ಬೇಡ” ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನನ್ನ ಪೆಟ್ಟಿಗೆಯ ನೆನಪಾಯಿತು. ಇಪ್ಪತ್ತು ವರುಷಗಳ ಹಿಂದೆ, ಮಕ್ಕಳ ನಾಟಕಗಳನ್ನು ಬರೆದೇ ಜೀವಿಸುವೆನೆಂದು ನಾನೂ ರಾಜೀನಾಮೆಯನ್ನು ಬರೆದಿದ್ದೆನು. ಆಗ ತಂದೆಯವರು ಹಾಸಿಗೆ ಹಿಡಿದರು; ತಮ್ಮನ ಓದು ಮುಗಿದಿರಲಿಲ್ಲ. ಪತ್ರವು ಪೆಟ್ಟಿಗೆಯ ತಳವನ್ನು ಸೇರಿತು. ಅದಕ್ಕಾಗಿ ನನಗೆ ಪಶ್ಚಾತ್ತಾಪವಿಲ್ಲ. ಆದರೆ ತಂದೆಯವರು ಗುಣಹೊಂದಿ, ತಮ್ಮನು ನೌಕರಿಗೆ ಸೇರಿದ ಮೇಲೂ ಅದನ್ನೇಕೆ ಹೊರತೆಗೆಯಲಿಲ್ಲ? ಅಂಜಿಕೆಯಿಂದ. ನನ್ನ ಅಂಜಿಕೆಗೆ ವಿವೇಕವೆಂದು ಹೆಸರಿಟ್ಟು ಅವಳಿಗೆ ಉಪದೇಶಿಸುವದು ಸರಿಯೇ?

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು 1963ರಲ್ಲಿ ಮದ್ರಾಸಿನ ಆಕ್ಸ್‌ಫರ್ಡ್ ಯುನಿವರ್ಸಿಟಿ ಪ್ರೆಸ್ಸಿನಲ್ಲಿ ಉದ್ಯೋಗಕ್ಕೆ ಸೇರಿದರು. 1970ರಲ್ಲಿ ಅದನ್ನು ಬಿಟ್ಟು ಬರವಣಿಗೆಗೆ ನಿಂತರು. ಆ ಧೈರ್ಯವನ್ನು ಎಲ್ಲರೂ ಹೊಗಳುವರು. ಆದರೆ ಅಷ್ಟರೊಳಗೆ ‘ಯಯಾತಿ’ 1961ರಲ್ಲಿಯೂ ‘ತುಘಲಕ್’ 1964ರಲ್ಲಿಯೂ ಹೊರಬಂದಿದ್ದವು; ಹೋಮಿ ಭಾಭಾ ಫೆಲೋಶಿಪ್ಪಿನ ಆಸರೆಯೂ ದೊರೆತಿತ್ತು. ಕೆಲಸ ಮೊದಲು ಬೆಳೆಯಿತು, ಬಿಡುಗಡೆ ಆಮೇಲೆ ಬಂದಿತು.

ಆದ್ದರಿಂದ ನಾನು ಬೇಡವೆನ್ನಲಿಲ್ಲ. “ಲೆಕ್ಕದ ವಹಿ ತೋರಿಸು” ಎಂದೆನು. ಕಸೂತಿಗೆ ಮೊದಲೇ ಬರೆದ ನಕ್ಷೆಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಗಂಟು ಹಾಕುವಂತಿಲ್ಲ, ಗವಂತಿ, ಮುರಗಿ ಹೊಲಿಗೆಗಳು ಒಳಗೂ ಹೊರಗೂ ಒಂದೇ ಸಮನಾಗಿ ಕಾಣಬೇಕು. ಎಳೆಯನ್ನು ಇಷ್ಟು ನಿಷ್ಠೆಯಿಂದ ಎಣಿಸುವವಳು ತನ್ನ ದಿನಗಳನ್ನು ಎಣಿಸಿರಲಿಲ್ಲ! ವಹಿಯಲ್ಲಿ ಸೀರೆಯ ಬೆಲೆಯಿತ್ತು, ದಾರದ ಬೆಲೆಯಿತ್ತು; ಮೂರು ತಿಂಗಳು ದುಡಿದ ಕೈಗಳ ಕೂಲಿ ಮಾತ್ರ ಇರಲಿಲ್ಲ. ನಾವು ಹೆಣ್ಣುಮಕ್ಕಳು ಮನೆಗೆಲಸವನ್ನು ಲೆಕ್ಕಕ್ಕೆ ಹಿಡಿಯದೆ ಬೆಳೆದವರು. ಆ ರೂಢಿ ಸೂಜಿಯವರೆಗೂ ಬಂದಿತ್ತು.

ಕೂಲಿಯನ್ನು ಸೇರಿಸಿ ಬೆಲೆ ಹೇಳು. ಆರು ತಿಂಗಳು ನೋಡು. ಹೊಗಳುವವರನ್ನಲ್ಲ, ಹಣ ಕೊಟ್ಟು ಕೊಳ್ಳುವವರನ್ನು ಎಣಿಸು. ಒಂದು ವರುಷದ ಮನೆಖರ್ಚನ್ನು ಕೂಡಿಸಿಡು. ಆಮೇಲೆ ನಿನ್ನ ನಿರ್ಣಯ ನಿನ್ನದು ಎಂದು ಹೇಳಿ ಕಳಿಸಿದೆನು.

ದೀಪಾವಳಿಯ ಹೊತ್ತಿಗೆ ಅವಳ ಪತ್ರ ಬಂದಿತು. ಬೆಲೆ ಕೇಳಿ ಅರ್ಧಕ್ಕರ್ಧ ಗಿರಾಕಿಗಳು ಹಿಂದೆ ಸರಿದರಂತೆ. ಉಳಿದವರಿಂದಲೇ ಬೇಸಿಗೆಯವರೆಗೆ ಕೈತುಂಬ ಕೆಲಸವಿದೆಯಂತೆ. ಶಾಲೆಯ ವರುಷ ಮುಗಿದೊಡನೆ ನೌಕರಿಯನ್ನು ಬಿಡಲು ನಿಶ್ಚಯಿಸಿರುವಳು. ಮುಂದೇನಾಗುವದೋ ನಾನು ಅರಿಯೆನು.

ಪಾಲಕರೇ, ನಿಮ್ಮ ಮಗಳು ಇಂಥದೇ ಪ್ರಶ್ನೆಯನ್ನು ಹೊತ್ತು ಬಂದರೆ ಅವಳ ಲೆಕ್ಕವನ್ನು ಕಟ್ಟುನಿಟ್ಟಾಗಿ ನೋಡಿರಿ. ಆದರೆ ನಿಮ್ಮ ಅಂಜಿಕೆಯನ್ನು ಅವಳ ಖರ್ಚಿನಲ್ಲಿ ಬರೆಯಬೇಡಿರಿ.

ಆ ರಾತ್ರಿ ನಾನು ನನ್ನ ಪೆಟ್ಟಿಗೆಯನ್ನು ತೆರೆದೆನು. ರಾಜೀನಾಮೆಯನ್ನು ಹರಿದು ಹಾಕಿದೆನು. ಶಾಲೆ ನನಗೆ ಬೇಕು. ಅದರ ಕೆಳಗಿದ್ದ ಅರ್ಧ ನಾಟಕವನ್ನು ಮೇಜಿನ ಮೇಲೆ ಇಟ್ಟುಕೊಂಡಿರುವೆನು.