ಆಟನೇ ನೌಕರಿ ಆದೀತೇನು?

ಹ್ಯಾಂಡ್‌ಬಾಲ್‌ಗೂ ಏಳು ಮಂದಿ, ನಮ್ಮ ಕಬಡ್ಡಿಗೂ ಏಳೇ. ಆದ್ರ ಜರ್ಮನಿಯ ಊವೆ ಗೆನ್ಸ್‌ಹೈಮರ್‌ಗೆ ಆಟವೇ ನೌಕರಿ, ಕ್ಲಬ್ಬೇ ಪಗಾರ ಕೊಡ್ತಿತ್ತು.

ಕಾರ್ಕಳ ಕಡೆಯ ಮಮತಾ ಪೂಜಾರಿ 2010, 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಕಬಡ್ಡಿ ತಂಡದಾಗಿದ್ದರು. ಅರ್ಜುನ ಪ್ರಶಸ್ತಿಯೂ ಬಂತು. ಪಗಾರ ಮಾತ್ರ ರೈಲ್ವೆ ನೌಕರಿಯದು. ಗಂಡಸರ ಪ್ರೊ ಕಬಡ್ಡಿ 2014ರಿಂದ ನಡದೈತಿ. ಹೆಣ್ಣುಮಕ್ಕಳಿಗೆ 2016ರಾಗ ಮೂರೇ ತಂಡದ ಲೀಗ್ ಮಾಡಿದ್ರು. ಫೈನಲ್‌ನಲ್ಲಿ ಎದುರಾದ ಕ್ಯಾಪ್ಟನ್ನರಿಬ್ಬರೂ ನಮ್ಮ ರಾಜ್ಯದವರು, ಮಮತಾ ಮತ್ತು ತೇಜಸ್ವಿನಿ ಬಾಯಿ. ಒಂದೇ ಪಾಯಿಂಟಿನಿಂದ ತೇಜಸ್ವಿನಿ ತಂಡ ಗೆದ್ದಿತು. ಮರುವರ್ಷ ಲೀಗೇ ಇಲ್ಲ ನೋಡ್ರಿ!

ಅಮ್ಮಿನಬಾವಿಯಾಗ ಕಬಡ್ಡಿ ಆಡೋ ಹುಡುಗಿಗೆ ಮನ್ಯಾಗ ಕೇಳ್ತಾರ, “ಇದರಿಂದ ನೌಕರಿ ಸಿಗತೈತೇನವಾ?” ನಾನು ಬಿಇ ಸೇರುವಾಗಲೂ ಅಪ್ಪ ಕೇಳಿದ್ದು ಇದನ್ನೇ. ನನ್ನ ಹತ್ರ ಉತ್ತರ ಇತ್ತು. ಆಕಿ ಸ್ಪೋರ್ಟ್ಸ್ ಕೋಟಾ ಅನ್ನಬೇಕು. ಆಟನೇ ನೌಕರಿ ಅನ್ನೋ ಧೈರ್ಯ ಒಂದು ಸೀಸನ್‌ನಿಂದ ಬರೂದಿಲ್ಲ.