ಚಿಗರಿ ಹೊಡ್ಯಾಕ ಯಾವ ರೈಫಲ್ ಚಲೋ?

1/6

ಖರೇ ಹೇಳ್ತೀನಿ, ನಗಬ್ಯಾಡ್ರಿ. ಹೋದ ಅಕ್ಟೋಬರ್‌ದಾಗ ನನ್ನ ಫೋನಿನ ಸರ್ಚ್ ಹಿಸ್ಟರಿ ತಗದು ನೋಡಿದ್ರ ಕಾಸ್ಟ್ ಅಕೌಂಟಿಂಗ್‌ಗಿಂತ ಜಾಸ್ತಿ ಇದ್ದದ್ದು ಒಂದೇ ಪ್ರಶ್ನೆ: ಜಿಂಕೆ ಬೇಟೆಗೆ ಯಾವ ಲಿವರ್ ಆ್ಯಕ್ಷನ್ ರೈಫಲ್ ಚಲೋ?

ಬಂದೂಕು ಮುಟ್ಟಿದವನಲ್ಲ ನಾನು. ಬಿಜಿಎಂಐ ಒಳಗ ಮಿರಾಮಾರ್ ಮ್ಯಾಪಿನ್ಯಾಗ ವಿನ್ 94 ಸಿಕ್ರ ಖುಷಿ ಪಡೋನು, ಅಷ್ಟೇ. ಆದ್ರ ಆ ವಾರ ಆಟ ಆಡೋ ಮನಸ್ಸಿರಲಿಲ್ಲ.

ನಮ್ಮ ಹೊಲ ರೋಣದಿಂದ ಗಜೇಂದ್ರಗಡ ಕಡೆ ಹೋಗೋ ದಾರಿಯಾಗ ಐತಿ. ನಾಲ್ಕು ಎಕರೆ ಎರಿ. ಹೆಸರು ಕಿತ್ತು, ಹರಗಿ, ಕಡ್ಲಿ ಬಿತ್ತಿದ್ವಿ. ಬೀಜ ಒಂದು ಕ್ವಿಂಟಲ್, 8,000. ಡಿಎಪಿ ನಾಲ್ಕು ಚೀಲ, 5,400. ಟ್ರ್ಯಾಕ್ಟರ್ ಬಾಡಿಗಿ 3,600. ಒಟ್ಟು 17,000 ರೂಪಾಯಿ ಮಣ್ಣಾಗ ಇಟ್ಟಿದ್ವಿ. ಅಪ್ಪನ ಕೆಲಸ, ಅವ್ವನ ಕೆಲಸ ನಾವು ಯಾವತ್ತೂ ಲೆಕ್ಕ ಹಿಡಿಯಂಗಿಲ್ಲ. ಬಿಕಾಂ ಓದೋ ನಾನೂ ಹಿಡಿದಿಲ್ಲ.

ಕಡ್ಲಿ ನಾಲ್ಕು ಬೆರಳು ಎತ್ತರ ಬಂದಿತ್ತು. ಎರಡು ರಾತ್ರಿ ಚಿಗರಿ ಹಿಂಡು ಬಂತು. ಮೂರನೇ ದಿನ ಹೋಗಿ ನೋಡಿದ್ರ ಎರಡೂವರಿ ಎಕರೆ ಬೋಳು. ಸಾಲು ಮಾತ್ರ ಕಾಣತಿದ್ವು. ಅಪ್ಪ ಒಡ್ಡಿನ ಮ್ಯಾಲ ಕುಂತು ಒಂದು ಬುಡ ಕಿತ್ತು ನೋಡಿದ, ಮತ್ತ ಅಲ್ಲೇ ನೆಟ್ಟ. ಅದು ಹತ್ತಂಗಿಲ್ಲ ಅಂತ ಅವನಿಗೂ ಗೊತ್ತಿತ್ತು.

ಮೊದಲನೇ ಫೋಟೊ ಅವತ್ತಿಂದು. ಗೊರಸಿನ ಗುರುತು ನೋಡ್ರಿ.

2/6

ನಾನು ಸಿಟ್ಟಿನ್ಯಾಗ ಮಾಡಿದ್ದೇನು? ಟೇಬಲ್ ಹಾಕಿದೆ. ಕಾಮರ್ಸ್ ಹುಡುಗರ ಹಣೆಬರಹ ಅದು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಲಿವರ್ ಆ್ಯಕ್ಷನ್ ಅಂದ್ರ ಕೌಬಾಯ್ ಸಿನಿಮಾದಾಗ ಹಿಡಕಿಯ ಕೆಳಗಿನ ಕಬ್ಬಿಣದ ಬಳಿ ಮುಂದಕ್ಕ ತಳ್ಳಿ, ಹಿಂದಕ್ಕ ಜಗ್ಗಿ ಹೊಡಿತಾರಲ್ಲ, ಅದು. ತಳ್ಳಿದಾಗ ಖಾಲಿ ಕೇಸ್ ಹೊರಗ ಹಾರತೈತಿ, ಜಗ್ಗಿದಾಗ ಹೊಸ ತೋಟಾ ಒಳಗ ಕುಂದ್ರತೈತಿ. ತೋಟಾಗಳು ನಳಿಗಿಯ ಕೆಳಗಿನ ಕೊಳವಿಯೊಳಗ ಒಂದರ ಹಿಂದ ಒಂದು ಸಾಲಾಗಿ ನಿಂತಿರ್ತಾವು. ಅದಕ್ಕ ಇದರ ಗುಂಡಿನ ಮೂತಿ ಚಪ್ಪಟೆ ಇರ್ತೈತಿ. ಚೂಪು ಇದ್ರ ಹಿಂದಿನ ಗುಂಡಿನ ತುದಿ ಮುಂದಿನ ತೋಟಾದ ಕೇಪಿಗೆ ಬಡದು ಕೊಳವಿಯೊಳಗೇ ಸಿಡಿಬಹುದು. ಈಗೀಗ ಮೆತ್ತನ ತುದಿಯ ಚೂಪು ಗುಂಡೂ ಬಂದಾವು.

ಟೇಬಲ್ಲಿನ್ಯಾಗ ಕೊನಿಗೆ ಉಳದದ್ದು ಎರಡು. ಒಂದು ವಿಂಚೆಸ್ಟರ್ 1894. ಜಾನ್ ಬ್ರೌನಿಂಗ್ ಮಾಡಿದ ವಿನ್ಯಾಸ, 70 ಲಕ್ಷಕ್ಕೂ ಹೆಚ್ಚು ತಯಾರಾಗ್ಯಾವು. ನಮ್ಮ ಆಟದ ವಿನ್ 94 ಹೆಸರು ಇದರಿಂದನೇ ಬಂದದ್ದು. ಇನ್ನೊಂದು ಮಾರ್ಲಿನ್ 336, 1948ರಾಗ ಬಂದದ್ದು. ಎರಡಕ್ಕೂ ಹೆಸರುವಾಸಿ ತೋಟಾ .30-30. ಹಳೇ ವಿಂಚೆಸ್ಟರ್ ಖಾಲಿ ಕೇಸನ್ನ ಮ್ಯಾಲಕ್ಕ ಎಸಿತೈತಿ, ಹಿಂಗಾಗಿ ಮ್ಯಾಲ ದುರ್ಬೀನು ಕೂಡಿಸೋದು ತ್ರಾಸು. ಮಾರ್ಲಿನ್ ಬಾಜೂಕ ಎಸಿತೈತಿ. ತೂಕ ಮೂರೂವರಿ ಕೆಜಿ ಒಳಗ.

ನನ್ನ ಆಯ್ಕೆ: ಮಾರ್ಲಿನ್ 336. ಬೆಲೆ ಸಾವಿರ ಡಾಲರ್ ಮ್ಯಾಲ. ಇನ್ನೊಂದು ಕಾಲಮ್ಮಿನ್ಯಾಗ ನಮ್ಮ ಲುಕ್ಸಾನು ಬರೆದಿದ್ದೆ. ಐದಾರು ವರ್ಷದಾಗ ರೈಫಲಿನ ರೊಕ್ಕ ವಾಪಸ್ ಬರ್ತೈತಿ ಅಂತ ಬ್ರೇಕ್ ಈವನ್ ಸೈತ ತಗದಿದ್ದೆ. ಈಗ ಅದನ್ನ ನೋಡಿದ್ರ ನನಗೇ ನಾಚಿಕಿ ಬರ್ತೈತಿ.

3/6

ಟೇಬಲ್ ಕಾಕಾಗ ತೋರಿಸಿದೆ. ಕಾಕಾ ಪೂರ್ತಿ ಓದಿದ, ಆಮ್ಯಾಲ ಕೇಳಿದ: "ನಿನಗ ವಯಸ್ಸೆಷ್ಟಲೇ?"

"ಇಪ್ಪತ್ತು."

"ಹಂಗಾರ ಲೈಸೆನ್ಸಿಗೆ ಅರ್ಜಿ ಹಾಕಾಕೂ ಇನ್ನೊಂದು ವರ್ಷ ಐತಿ."

ಖರೇನೇ. 1959ರ ಆಯುಧ ಕಾಯ್ದೆ ಪ್ರಕಾರ 21 ತುಂಬಬೇಕು. ಬೆಳೆ ಕಾಯಾಕ ಅಂತ ಆ ಕಾಯ್ದೆ ಹೆಸರು ಹಿಡಿದು ಹೇಳೋ ಬಂದೂಕು ಯಾವುದು ಗೊತ್ತೇನು? ನಳಿಗಿಯ ಬಾಯಿಂದ ಮದ್ದು ತುಂಬಿ ಹೊಡಿಯೋದು. ಒಂದು ಸಲ ಹೊಡದ್ರ ಮತ್ತ ನಿಂತು ತುಂಬಬೇಕು. ಅಜ್ಜನ ಹತ್ರ ಅಂಥದ್ದೇ ಇತ್ತಂತ. ಚುನಾವಣೆ ಬಂದಾಗೊಮ್ಮೆ ಅದನ್ನ ಅರಿವ್ಯಾಗ ಸುತ್ತಿಗೊಂಡು ಸ್ಟೇಷನ್ನಿಗೆ ಕೊಟ್ಟು ಬರ್ತಿದ್ದ. ಕೊನಿಗೊಮ್ಮೆ ಲೈಸೆನ್ಸ್ ರಿನೀವ್ ಮಾಡಿಸಲೇ ಇಲ್ಲ, ಒಪ್ಪಿಸಿಬಿಟ್ಟ. ಅಮೆರಿಕಾದ ರೈಫಲ್ ತರಿಸೋದಂತೂ ನಮ್ಮಂಥವರಿಗೆ ಆಗದ ಮಾತು. ಇಲ್ಲಿ ಲೈಸೆನ್ಸ್ ಇದ್ದವರಿಗೆ ಹೆಚ್ಚಾಗಿ ಸಿಗೋ ರೈಫಲ್ ಅಂದ್ರ ಸರ್ಕಾರಿ ಕಾರ್ಖಾನಿಯ .315, ಅದೂ ಬೋಲ್ಟ್ ಆ್ಯಕ್ಷನ್.

ಇನ್ನ ದೊಡ್ಡ ಮಾತು ಬ್ಯಾರೆ ಐತಿ. ಚಿಗರಿ ಅಂದ್ರ ಕೃಷ್ಣಮೃಗ. ಹುಬ್ಬಳ್ಳಿ-ಧಾರವಾಡದ ಬಸ್ಸಿಗೆ ಇದರದೇ ಹೆಸರು ಇಟ್ಟಾರ. ನಾವು ಜಿಂಕಿ ಅಂತೀವಿ, ಆದ್ರ ಇದು ಜಿಂಕಿ ಜಾತಿ ಅಲ್ಲ. ಜಿಂಕಿ ವರ್ಷಾ ಕೋಡು ಉದುರಿಸತೈತಿ, ಇದು ಉದುರಿಸಂಗಿಲ್ಲ. 1972ರ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲ್‌ದಾಗ ಐತಿ, ಹುಲಿ ಇರೋ ಪಟ್ಟಿಯೊಳಗೇ. ಹೊಡದ್ರ 3 ರಿಂದ 7 ವರ್ಷ ಜೈಲು, ಮ್ಯಾಲ ದಂಡ. ಬೆಳೆ ತಿಂತು ಅನ್ನೋ ಕಾರಣಕ್ಕ ಒಂದನೇ ಶೆಡ್ಯೂಲಿನ ಪ್ರಾಣಿ ಹೊಡ್ಯಾಕ ಪರ್ಮಿಷನ್ ಕೊಡಾಕ ಬರಂಗಿಲ್ಲ. ಸಲ್ಮಾನ್ ಖಾನ್ ಕೇಸ್ ನೆನಪೈತಲ್ಲ? 1998ರ ಘಟನೆ, 2018ರಾಗ ಜೋಧಪುರದ ಕೋರ್ಟು 5 ವರ್ಷ ಶಿಕ್ಷೆ ಕೊಟ್ಟಿತು. ಅವರು ಅಪೀಲ್ ಹೋದ್ರು, ಜಾಮೀನು ಸಿಕ್ತು. ನಮ್ಮಂಥವರಿಗೆ ಆದ್ರ ವಕೀಲರ ಫೀ ಕೊಡಾಕ ಆ ನಾಲ್ಕು ಎಕರೆನೇ ಮಾರಬೇಕು.

4/6

ಕಾನೂನು ಓದಿದ ಮ್ಯಾಲ ಸಿಟ್ಟು ಇಳೀಲಿಲ್ಲ, ಜಾಸ್ತಿ ಆತು.

ಎಸ್ಸೆಸ್ಸೆಲ್ಸಿಯಾಗ ಹಲಗಲಿ ಬೇಡರ ಲಾವಣಿ ಓದೀವಲ್ಲ, ಎಲ್ಲಾರೂ. ಹಲಗಲಿ ನಮಗೇನು ಭಾಳ ದೂರಿಲ್ಲ, ಬಾಗಲಕೋಟ ಜಿಲ್ಲಾ. 1857ರಾಗ ಬ್ರಿಟಿಷರು ಹತಾರ ಒಪ್ಪಸ್ರಿ ಅಂದ್ರು, ಬೇಡರು ಒಪ್ಪಸಲಿಲ್ಲ, ಊರಿಗೇ ಬೆಂಕಿ ಬಿತ್ತು. ಮುಂದಿನ ವರ್ಷ ನಮ್ಮ ನರಗುಂದದ ಬಾಬಾಸಾಹೇಬನೂ ತಿರುಗಿ ಬಿದ್ದ. ಅವತ್ತು ನಾನು ಮನಸ್ಸಿನ್ಯಾಗ ಅವರ ಸಾಲಿನ್ಯಾಗೇ ಹೋಗಿ ನಿಂತಿದ್ದೆ. ದೇಶದ ಹೆಮ್ಮೆಯ ಪ್ರಾಣಿ ಅಂತೀರಿ, ಮೇವು ಮಾತ್ರ ನಮ್ಮಪ್ಪನ ಖರ್ಚಿನ್ಯಾಗ ಯಾಕ? ಈ ಪ್ರಶ್ನೆ ಇವತ್ತಿಗೂ ನಾನು ಬಿಟ್ಟಿಲ್ಲ. ಆದ್ರ ಅದಕ್ಕ ಉತ್ತರ ಬಂದೂಕು ಅಂತ ಅವತ್ತು ತಿಳಕೊಂಡಿದ್ದೆ.

ರಾತ್ರಿ ಉಣ್ಣುವಾಗ ಅಪ್ಪನ ಮುಂದೂ ರೈಫಲ್ ಮಾತು ತಗದೆ. ಅಪ್ಪ ಕಾಯ್ದೆ ಬಗ್ಗೆ ಏನೂ ಅನ್ನಲಿಲ್ಲ. ರೊಟ್ಟಿ ಮುರಿಯೋದು ನಿಲ್ಲಿಸಿ ಕೇಳಿದ:

"ಚಿಗರಿಗೆ ಬೀಳದ ಗುಂಡು ಎಲ್ಲಿ ಹೋಗಿ ನಿಂದ್ರತೈತಿ?"

ನನ್ನ ಟೇಬಲ್ಲಿನ್ಯಾಗ ಆ ಕಾಲಮ್ ಇರಲಿಲ್ಲ.

ಆಮ್ಯಾಲ ಹುಡುಕಿದೆ. .30-30 ಅನ್ನೋದು ಕಾಡಿನ್ಯಾಗ, ಗಿಡಗಂಟಿ ನಡಕ, ಸಮೀಪದಿಂದ ಹೊಡಿಯೋ ತೋಟಾ. ಸುಮಾರು 150 ಗಜದೊಳಗ ಅದರ ಕೆಲಸ. ನಮ್ಮ ಕಡೆ ಚಿಗರಿ ಅಷ್ಟು ಸಮೀಪ ನಿಂದ್ರಂಗೇ ಇಲ್ಲ. ಬಯಲಿನ್ಯಾಗ ಮನಷಾನ್ನ ಕಂಡ ತಕ್ಷಣ ಜಿಗಿದು ಹೋಗ್ತಾವು. ಅಂದ್ರ ನಾನು ಆರಿಸಿದ್ದೇ ತಪ್ಪು ಬಂದೂಕು. ಮತ್ತ ಗುರಿ ತಪ್ಪಿದ ಗುಂಡು ಕಿಲೋಮೀಟರ್ ದಾಟಿ ಹೋಗತೈತಿ. ಬೇಟೆ ಕಲಿಸೋರು ಹೇಳೋ ಮುಖ್ಯ ಪಾಠದಾಗ ಒಂದು: ಗುರಿ ಹಿಂದ ಏನೈತಿ ನೋಡು, ಗುಂಡು ನುಂಗೋ ಮಣ್ಣಿನ ದಿಬ್ಬ ಇರಬೇಕು. ಎರಿ ಹೊಲ ನೋಡೀರಲ್ಲ. ದಿಬ್ಬ ಎಲ್ಲಿ ಐತಿ? ಆಕಾಶದ ಅಂಚಿನ ತನಕ ಸಪಾಟ.

ಅಪ್ಪ ಏಳನೇತ್ತ ಓದ್ಯಾನ.

5/6

ಈ ಭಾಗ ಬರಿಯೋದೋ ಬ್ಯಾಡೋ ಅಂತ ಭಾಳ ದಿನ ವಿಚಾರ ಮಾಡೀನಿ.

ಅಪ್ಪ ಆ ಮಾತು ಕೇಳೋದಕ್ಕಿಂತ ಮೊದಲೇ ನಾನು ಒಬ್ಬರ ಜೋಡಿ ಫೋನಿನ್ಯಾಗ ಮಾತಾಡಿದ್ದೆ. ದೋಸ್ತನ ದೋಸ್ತನಿಂದ ಸಿಕ್ಕ ನಂಬರು. ನಾಡ ಬಂದೂಕು, ಲೈಸೆನ್ಸ್ ಗಿಯ್ಸೆನ್ಸ್ ಏನಿಲ್ಲ. "ಹೊಲ ತೋರಸು, ಉಳದದ್ದು ನಮಗ ಬಿಡು. ಬಿದ್ರ ನಿನಗೂ ಪಾಲು" ಅಂದಿದ್ರು. ನಾನು ಹೂಂ ಅಂದಿದ್ದೆ. ಮನ್ಯಾಗ ಯಾರಿಗೂ ಗೊತ್ತಿರಲಿಲ್ಲ. ಶನಿವಾರ ರಾತ್ರಿ ಬರೋದು ಅಂತ ಮಾತಾಗಿತ್ತು.

ಶುಕ್ರವಾರ ರಾತ್ರಿ ಕಾಯಾಕ ನಾನೇ ಹೋದೆ. ಅಪ್ಪಗ ಜ್ವರ ಬಂದಿತ್ತು. ಹನ್ನೊಂದರ ಸುಮಾರಿಗೆ ದೂರ ಏನೋ ಸಪ್ಪಳ ಆತು. ಬ್ಯಾಟರಿ ಬಿಟ್ಟೆ. ಒಡ್ಡಿನಾಚೆ ಹಸರು ಕಣ್ಣು. ಒಂದಲ್ಲ, ಎರಡಲ್ಲ, ಸಾಲಿಗೆ ಸಾಲು. ಎದಿ ಢವಢವ ಅಂತಿತ್ತು. ಸುಳ್ಳು ಯಾಕ ಹೇಳ್ಲಿ, ಆ ಹೊತ್ತಿನ್ಯಾಗ ಕೈಯಾಗ ಬಂದೂಕು ಇದ್ದಿದ್ರ ಹೊಡದೇಬಿಡತಿದ್ದೆ.

ಕಲ್ಲು ಎಸದು, "ಹೋಯ್" ಅಂತ ಒದರಿದೆ. ಕಣ್ಣು ಓಡಲಿಲ್ಲ. "ಮ್ಯಾ" ಅಂದ್ವು.

ಕುರಿ.

ಪಕ್ಕದ ಹೊಲ ಖಾಲಿ ಇತ್ತು. ಗೊಬ್ಬರಕ್ಕಂತ ಅವತ್ತೇ ಸಂಜಿಗೆ ಕುರಿ ತರುಬಿಸಿದ್ರು, ನನಗ ಗೊತ್ತಿರಲಿಲ್ಲ. ಕುರಿಗಾರರ ಹೆಣಮಗಳು ಬಲಿಯ ಆಚೆಯಿಂದ ಎದ್ದು ಕುಂತು, "ಯಾರಪ್ಪಾ ಅದು? ಬ್ಯಾಟರಿ ಆರಸು, ಕೂಸು ಏಳತೈತಿ" ಅಂದಳು. ಹತ್ರ ಹೋಗಿ ನೋಡಿದೆ. ಕಂಬಳಿಯೊಳಗ ಎರಡು ಕೂಸು ಮಲಗಿದ್ವು. ಸಣ್ಣದರ ಕಾಲು ಹೊರಗ ಬಂದಿತ್ತು. ನಾನು ಬ್ಯಾಟರಿ ಬಿಟ್ಟಿದ್ದ ಜಾಗದಿಂದ ಅಲ್ಲಿಗೆ ನೂರು ಹೆಜ್ಜಿ ಆಗಿರಬೇಕು, ಅಷ್ಟೇ.

ಆಕಿ ನನಗ ನೀರು ಕೊಟ್ಟಳು. ಎಷ್ಟು ದಿನ ಇರ್ತೀರಿ ಅಂತ ಕೇಳಿದೆ. "ಮೂರು ರಾತ್ರಿ" ಅಂದಳು. ಶುಕ್ರವಾರ, ಶನಿವಾರ, ರವಿವಾರ.

ಒಡ್ಡಿಗೆ ವಾಪಸ್ ಬಂದು ಆ ನಂಬರಿಗೆ ಫೋನ್ ಹಚ್ಚಿದೆ. ಮೂರು ಸಲ ಎತ್ತಲಿಲ್ಲ. ನಾಲ್ಕನೇ ಸಲ ಎತ್ತಿದ್ರು. ಬರಬ್ಯಾಡ್ರಿ ಅಂದೆ. ಹೆದರಿದಿ ಏನಲೇ ಅಂತ ನಕ್ರು. ಹೂಂ ಅಂದೆ. ನಂಬರ್ ಡಿಲೀಟ್ ಮಾಡಿದೆ. ಬೆಳತನಕ ನಿದ್ದಿ ಬರಲಿಲ್ಲ.

ಮುಂಜಾನೆ ಮನಿಗೆ ಬಂದು ಅಪ್ಪಗ ಎಲ್ಲಾ ಹೇಳಿದೆ. ಬೈತಾನ ಅಂದುಕೊಂಡಿದ್ದೆ. ಬೈಲಿಲ್ಲ. ಸ್ವಲ್ಪ ಹೊತ್ತು ಸುಮ್ಮನ ಕುಂತು, "ಆ ಹೆಣಮಗಳಿಗೆ ನಾಕು ರೊಟ್ಟಿ ಕೊಟ್ಟು ಬಾ" ಅಂದ. ಅವ್ವ ಆಗಲೇ ಕಟ್ಟಾಕತ್ತಿದ್ದಳು.

6/6

ಆಮ್ಯಾಲ ಏನಾತು ಅಂತ ಕೇಳ್ತೀರಿ.

ಬೋಳಾದ ಎರಡೂವರಿ ಎಕರೆಗೆ ಮತ್ತ ಬೀಜ ಹಾಕಿದ್ವಿ. ಸುತ್ತಲೂ ಗೂಟ ನೆಟ್ಟು ಅವ್ವನ, ಚಿಗವ್ವನ ಹಳೇ ಸೀರಿ ಕಟ್ಟಿದ್ವಿ. ನಾನು, ಕಾಕಾ, ಅಪ್ಪ ಪಾಳಿ ಮ್ಯಾಲ ರಾತ್ರಿ ತಗಡು ಬಡದು ಕಾದ್ವಿ. ಇಪ್ಪತ್ತು ದಿನ. ಚಿಗರಿ ಬರೋದು ನಿಲ್ಲಲಿಲ್ಲ, ಕಡಿಮಿ ಆತು. ಕ್ಲಾಸಿನ್ಯಾಗ ತೂಕಡಿಸ್ತಿದ್ದೆ ಅಂತ ನೀವೆಲ್ಲಾ ನಕ್ಕಿರಲ್ಲ, ಅದು ಇದಕ್ಕ. ರಾಶಿ ಹೋದ ವರ್ಷದಷ್ಟು ಬರಲಿಲ್ಲ. ತಡಾ ಬಿತ್ತಿದ ಕಡ್ಲಿ ತಡಾನೇ.

ಇನ್ನೊಂದು ಕೆಲಸ ಮಾಡಿದೆ. ವನ್ಯಪ್ರಾಣಿ ಬೆಳೆ ತಿಂದ್ರ ಪರಿಹಾರಕ್ಕ ಅರಣ್ಯ ಇಲಾಖೆಗೆ ಅರ್ಜಿ ಹಾಕಬಹುದು. ಅಪ್ಪಗ ಅದು ಗೊತ್ತಿತ್ತು, ಆದ್ರ ಓಡಾಡಾಕ ಪುರಸೊತ್ತಿಲ್ಲ ಅಂತ ಯಾವತ್ತೂ ಹಾಕಿರಲಿಲ್ಲ. ಉತಾರ, ಆಧಾರ್, ಪಾಸ್‌ಬುಕ್, ಹೊಲದ ಫೋಟೊ ಎಲ್ಲಾ ಜೋಡಿಸಿ ನಾನು ಹಾಕಿದೆ. ಮೊದಲನೇ ಫೋಟೊ ಇಲ್ಲೇ ಉಪಯೋಗ ಆತು. ದೊಡ್ಡ ರೊಕ್ಕ ಏನಲ್ಲ. ಆದ್ರ ನಮ್ಮ ಲುಕ್ಸಾನು ಒಂದು ಸರ್ಕಾರಿ ಕಾಗದದಾಗ ದಾಖಲಾತು. ದಾಖಲಾಗದ ಲುಕ್ಸಾನು ಯಾರ ಲೆಕ್ಕದಾಗೂ ಬರಂಗಿಲ್ಲ, ಬಿಕಾಂ ಮೂರು ವರ್ಷ ಕಲಿಸಿದ್ದೇ ಇದು. ಚಿಗರಿ ಉಳೀಬೇಕು ಅಂತ ನಾನೂ ಈಗ ಒಪ್ತೀನಿ. ಅದರ ಮೇವಿನ ಬಿಲ್ಲು ನಮ್ಮಪ್ಪ ಒಬ್ಬನೇ ಕಟ್ಟೋದನ್ನ ಒಪ್ಪಂಗಿಲ್ಲ.

ನಿಮ್ಮ ಹೊಲಕ್ಕೂ ಹಿಂಗ ಆದ್ರ, ಒಂದು ಮಾತು: ಮರುಬಿತ್ತಿಗಿಗೆ ಹರಗೋಕಿಂತ ಮೊದಲು ಫೋಟೊ ತಗೀರಿ. ತಾರೀಕು, ಜಾಗ ಬರೋ ಹಂಗ ತಗೀರಿ. ಗೊರಸಿನ ಗುರುತು, ತಿಂದ ಬುಡ, ಸುತ್ತಲಿನ ಹೊಲ, ಎಲ್ಲಾ ಕಾಣಬೇಕು. ಅರ್ಜಿ ತುಂಬಾಕ ಬರದಿದ್ರ ನನಗ ಮೆಸೇಜ್ ಮಾಡ್ರಿ, ಕುಂತು ತುಂಬೋಣ.

ಮತ್ತ ಯಾರಾದ್ರೂ "ಉಳದದ್ದು ನಮಗ ಬಿಡು" ಅಂತ ನಂಬರ್ ಕೊಟ್ರ, ಒಂದು ರಾತ್ರಿ ಮೊದಲು ನೀವೇ ಹೊಲಕ್ಕ ಹೋಗಿ ಮಲಗಿ ನೋಡ್ರಿ. ನಮ್ಮ ಬಯಲು ಹಗಲು ಖಾಲಿ ಕಾಣತೈತಿ. ರಾತ್ರಿ ಅಲ್ಲಿ ಯಾರ್ಯಾರು ಮಲಗಿರ್ತಾರ, ಗೊತ್ತಾಗತೈತಿ.

ಮುಂದಿನ ತಿಂಗಳು ನನಗ 21 ತುಂಬತೈತಿ. "ಅರ್ಜಿ ತರಲೇನಲೇ?" ಅಂತ ಕಾಕಾ ಚೇಷ್ಟೆ ಮಾಡ್ತಾನ. ಬಿಜಿಎಂಐ ಒಳಗ ನಾನು ಈಗಲೂ ವಿನ್ 94 ಎತ್ಕೋತೀನಿ. ಹೊಲಕ್ಕ ಹೊಂಟಾಗ ಮಾತ್ರ ಬ್ಯಾಟರಿ, ತಗಡು, ಫೋನು. ಕುರಿ ಬಂದಾವೇನು ಅಂತ ಮೊದಲು ಪಕ್ಕದವರನ್ನ ಕೇಳೇ ಹೋಗ್ತೀನಿ.

ಕೊನೇ ಫೋಟೊ ಜನವರಿದು. ಸೀರಿ ಬೇಲಿ ಹಿಂದ ನೋಡ್ರಿ, ಜೂಮ್ ಮಾಡ್ರಿ. ಎಡಕ್ಕ, ಕರೇದು. ಕೋಡು ಕಾಣತಾವಲ್ಲ? ನಮ್ಮ ಕಡ್ಲಿನೇ ತಿನ್ನಾಕತ್ತೈತಿ.

#ರೋಣ #ಗದಗ #ಎರಿಹೊಲ #ಚಿಗರಿ #ಕಡ್ಲಿ #ಬಿಕಾಂಹುಡುಗ